ರೇಣುವಿನ ತಲೆಯ ಮೇಲಿನ ಆಣೆ

ಆ ವರ್ಷ ಶ್ರಾವಣದಲ್ಲಿ ಸಾವಂತ್ರವ್ವನ ಮನೆಯಲ್ಲಿ ಏನೇ ಆದರೂ ಪಿತ್ತವೇ ಕಾರಣ. ಮೊಮ್ಮಗಳು ರೇಣು ಬೆಳಿಗ್ಗೆ ತಲೆ ಹಿಡಿದುಕೊಂಡು ಕೂತರೆ ಪಿತ್ತ. ಹಲ್ಲುಜ್ಜುವಾಗ ವಾಂತಿಯಾದರೆ ಪಿತ್ತ. ಹುಡುಗಿಯ ಕಾಯಿಲೆ ವಾಸಿಯಾದರೆ ಅವಳ ಕೈಯಲ್ಲೇ ಶ್ರಾವಣ ಸೋಮವಾರದ ಉಪವಾಸ ಮಾಡಿಸುತ್ತೇನೆಂದು ಹರಕೆ ಹೊತ್ತಿದ್ದವಳು ಸಾವಂತ್ರವ್ವ. ಖಾಲಿ ಹೊಟ್ಟೆಗೆ ಪಿತ್ತ ಏರದೆ ಇನ್ನೇನಾದೀತು? ಅದು ಸಾಲದೆಂಬಂತೆ ಪುಣೆಯ ಧನಕವಡಿಯ ಅವರ ಮನೆಯ ಹಿಂದಿನ ಬಯಲಿನಲ್ಲಿ ಗಣಪತಿ ಹಬ್ಬದ ಢೋಲ್ ತಾಲೀಮು ದಿನಾ ಸಂಜೆ ನಡೆಯುತ್ತಿತ್ತು. ಆ ಸದ್ದಿಗೆ ಗೋಡೆಗೂ ತಲೆನೋವು ಬರಬೇಕು. ಸಾವಂತ್ರವ್ವ ಆಮಸೋಲಿನ, ಅಂದರೆ ಪುನರ್ಪುಳಿಯ, ಸಾರು ಕಾಯಿಸಿ ಕುಡಿಸಿದಳು, ಹಸಿಶುಂಠಿಯನ್ನು ಬೆಲ್ಲದ ಜೊತೆ ಜಜ್ಜಿ ತಿನ್ನಿಸಿದಳು. ಒಂದು ದಿನ ಕಡಿಮೆಯಾದಂತೆ ಕಂಡರೆ ಮರುದಿನ ಮತ್ತೆ ಅದೇ.

ಕಾಯಿಲೆ ಅಂದರೆ ಸಣ್ಣದಲ್ಲ. ರೇಣು ಹತ್ತನೆಯ ಇಯತ್ತೆ ಮುಗಿಸಿದ ವರ್ಷ ಮೊಣಕಾಲಿನ ಮೇಲಿನ ಎಲುಬಿಗೆ ಕ್ಯಾನ್ಸರ್ ಆಗಿತ್ತು. ಕೆಟ್ಟ ಎಲುಬು ತೆಗೆದು ಲೋಹದ ಕೀಲು ಕೂರಿಸಿದರು, ಕಿಮೋ ಕೊಟ್ಟರು, ಉದ್ದ ಜಡೆಯೆಲ್ಲ ಉದುರಿ ಹೋಯಿತು. ಹುಡುಗಿ ಗಟ್ಟಿ. ಒಂದಿಷ್ಟು ಕುಂಟುತ್ತಲೇ ಕಾಲೇಜು ಸೇರಿದಳು, ಕೂದಲೂ ಭುಜದವರೆಗೆ ಬಂದಿತ್ತು. ಈ ರೋಗ ತಿರುಗಿ ಬಂದರೆ ಎದೆಗೆ ಬರುತ್ತದೆ, ಎದೆಯ ಮೇಲೆ ಕಣ್ಣಿಡಿ ಎಂದು ಡಾಕ್ಟರರು ಹೇಳಿದ್ದರು. ಹಾಗಾಗಿ ರೇಣು ಒಮ್ಮೆ ಕೆಮ್ಮಿದರೆ ಮನೆಮಂದಿಯೆಲ್ಲ ಎದ್ದು ನಿಲ್ಲುತ್ತಿದ್ದರು. ತಲೆಯ ಕಡೆ ಯಾರೂ ನೋಡಲಿಲ್ಲ.

ಒಂದು ಭಾನುವಾರ ಅಜ್ಜಿ ಮೊಮ್ಮಗಳಿಗೆ ರೊಟ್ಟಿ ಬಡಿಯುವುದನ್ನು ಕಲಿಸುತ್ತಿದ್ದಳು. ವಿಜಯಪುರದ ಕಡೆಯ ಇಂಡಿಯಿಂದ ಪುಣೆಗೆ ಬಂದು ಅರ್ಧ ಆಯುಷ್ಯ ಕಳೆದರೂ ಸಾವಂತ್ರವ್ವನ ಮನೆಯಲ್ಲಿ ಜೋಳದ ರೊಟ್ಟಿ ತಪ್ಪಿರಲಿಲ್ಲ. ರೇಣುವಿನ ಬಲಗೈ ಹಿಟ್ಟಿನ ಮೇಲೆ ಬಿದ್ದರೆ ಬಿದ್ದಲ್ಲೇ ಉಳಿಯುತ್ತಿತ್ತು, ರೊಟ್ಟಿ ತಿರುಗುತ್ತಿರಲಿಲ್ಲ.

"ಮೊಬೈಲ್ ಹಿಡದ ಹಿಡದ ನಿನ್ನ ಕೈ ಸತ್ತಾವ," ಅಂದಳು ಸಾವಂತ್ರವ್ವ.

"ಸುಮ್ನಿರು ಆಯಿ. ಆ ಇದನ್ನ ಕೊಡು ಇಲ್ಲಿ. ಅದು... ತಿರುವಿ ಹಾಕೂದು..."

"ಮಗುಚೂ ಕೈ ಅನ್ಲಿಕ್ಕೂ ಬರೂದಿಲ್ಲೇನ? ಕಾಲೇಜಿನ್ಯಾಗ ಕನ್ನಡ ಮರತಿ."

ರೇಣುವೂ ನಕ್ಕಳು. ಬಾಯಿಗೆ ಬಂದ ಮಾತು ಹಾಗೆ ಜಾರಿ ಹೋಗುವುದು ಅವಳಿಗೂ ತಮಾಷೆಯಾಗಿಯೇ ಕಂಡಿತ್ತು. ಮರುದಿನ ಸೋಮವಾರ. ಸಂಜೆ ಉಪವಾಸ ಬಿಟ್ಟು ತಾಟಿನ ಮುಂದೆ ಕೂತವಳ ಬಲಗೈ ತಾನೇ ತಾನಾಗಿ ಅದುರಿತು, ಬಾಯಿ ಸೊಟ್ಟಗಾಯಿತು, ಕಣ್ಣು ಮೇಲಾಗಿ ಹುಡುಗಿ ಪಕ್ಕಕ್ಕೆ ಉರುಳಿದಳು. ಅವಳ ಅವ್ವ ಅಕ್ಕು ಕಿರುಚಿದ್ದು ಕೆಳಗೆ ಅಪ್ಪ ಈರಣ್ಣನ ಕಿರಾಣಿ ಅಂಗಡಿಯವರೆಗೂ ಕೇಳಿತು.

ಸ್ಕ್ಯಾನ್ ಆಯಿತು. ಡಾಕ್ಟರ್ ಶರ್ವರಿ ಮೇಡಂ, ಮೊದಲಿನಿಂದಲೂ ರೇಣುವನ್ನು ನೋಡಿದವರು, ಈರಣ್ಣನನ್ನೂ ರೇಣುವಿನ ಅಣ್ಣ ಮಾಂತುವನ್ನೂ ಒಳಗೆ ಕರೆದು ಕೂರಿಸಿದರು. ಹಟ ಮಾಡಿ ಸಾವಂತ್ರವ್ವನೂ ಒಳಗೆ ಹೋದಳು. ಎಲುಬಿನ ರೋಗ ಮಿದುಳಿಗೆ ಹೋಗಿದೆ, ಎಡಭಾಗದಲ್ಲಿ ಒಂದು ಗಂಟಿದೆ, ಇದು ಭಾಳ ಅಪರೂಪ, ನಾನೇ ಇಂಥದ್ದನ್ನು ಬೆರಳೆಣಿಕೆಯಷ್ಟು ನೋಡಿದ್ದೇನೆ ಎಂದು ಅವರು ಮರಾಠಿಯಲ್ಲಿ ನಿಧಾನವಾಗಿ ಹೇಳಿದರು. ಗಂಟು ಇರುವುದು ಮಾತಿನ ಜಾಗದ ಮಗ್ಗುಲಲ್ಲಿ. ತೆಗೆದರೆ ಒಂದಿಷ್ಟು ಕಾಲ ಸಿಕ್ಕೀತು, ಆದರೆ ಮಾತು ಹೋಗಲೂಬಹುದು. ತೆಗೆಯದೆ ಬರೀ ವಿಕಿರಣ ಕೊಟ್ಟರೆ ಮಾತು ಸದ್ಯಕ್ಕೆ ಉಳಿದೀತು, ಕಾಲ ಕಡಿಮೆಯಾದೀತು. ಪೂರ್ತಿ ವಾಸಿಯಾಗುವ ಮಾತನ್ನು ಅವರು ಆಡಲಿಲ್ಲ.

"ಆಪರೇಶನ್ ಮಾಡ್ರಿ ಮೇಡಂ. ಸಹಿ ನಾ ಮಾಡ್ತೀನಿ," ಎಂದ ಈರಣ್ಣ.

"ಆಗ ಅವಳು ಚಿಕ್ಕವಳಿದ್ದಳು, ನೀವು ಮಾಡಿದಿರಿ. ಈಗ ಅವಳಿಗೆ ಹತ್ತೊಂಬತ್ತು. ಹೋಗುವುದು ಅವಳ ಮಾತು, ಹೇಳಬೇಕಾದವಳು ಅವಳು. ಬಾವು ಇಳಿಯಲು ಮಾತ್ರೆ ಕೊಟ್ಟಿದ್ದೇನೆ. ಮುಂದಿನ ಗುರುವಾರ ಕರೆದುಕೊಂಡು ಬನ್ನಿ. ಅಷ್ಟರೊಳಗೆ ಮನೆಯಲ್ಲಿ ನೀವೇ ಹೇಳಿದರೆ ಒಳ್ಳೆಯದು. ಇಲ್ಲದಿದ್ದರೆ ನಾನು ಹೇಳುತ್ತೇನೆ."

ಗುರುವಾರದ ಹೊತ್ತಿಗೆ ಬೇರೆ ಡಾಕ್ಟರರನ್ನು ಹಿಡಿಯುತ್ತೇನೆ, ಏನೂ ಕೇಳದೆ ಆಪರೇಶನ್ ಮಾಡುವವರು ಇದ್ದೇ ಇರುತ್ತಾರೆ ಎಂಬುದು ಈರಣ್ಣನ ಲೆಕ್ಕ. ರೇಣುವನ್ನು ಮನೆಗೆ ತಂದ ಮಧ್ಯಾಹ್ನ ಅವಳು ಮಾತ್ರೆಯ ಮಂಪರಿನಲ್ಲಿ ದಿವಾನದ ಮೇಲೆ ಮಲಗಿದ್ದಳು. ಈರಣ್ಣ ಬಾಗಿಲು ಹಾಕಿ ಮನೆಯವರನ್ನೆಲ್ಲ ಸುತ್ತ ನಿಲ್ಲಿಸಿದ.

"ಆಕಿ ತಲಿ ಮುಟ್ಟಿ ಆಣಿ ಮಾಡ್ರಿ. ಆಕಿಗೆ ಇದ್ರಾಗಿಂದ ಒಂದ್ ಮಾತೂ ಹೇಳೂದಿಲ್ಲ ಅಂತ. ಉಪಾಸಕ್ಕ ಫಿಟ್ಸ್ ಬಂದಿತ್ತು, ಮುಗೀತು."

ಅಕ್ಕು ಅಳುತ್ತಲೇ ಮುಟ್ಟಿದಳು. ಖರಾಡಿಯ ಕಚೇರಿಯಲ್ಲಿ ಹತ್ತಾರು ಜನರ ಮೇಲೆ ಹುಕುಂ ನಡೆಸುವ ಮಾಂತು "ಅಪ್ಪಾ, ಇದೇನ್ ಹುಚ್ಚಾಟ," ಎಂದು ಗೊಣಗಿದ, ಆದರೂ ಮುಟ್ಟಿದ. ಕೊನೆಗೆ ಸಾವಂತ್ರವ್ವ ಮುಟ್ಟಿದಳು. ಅಂಗೈಗೆ ಮೊಮ್ಮಗಳ ಕೂದಲು ಬೆಚ್ಚಗೆ ತಾಗಿತು.

ಆಣೆಗೂ ಒಂದು ಕಟ್ಟಳೆಯಿದೆ. ಹಾಕಿಸಿದವರೇ ಬಾಯಿಬಿಟ್ಟು "ಬಿಟ್ಟೆ" ಅನ್ನಬೇಕು. ಅದಕ್ಕೆ ಮುಂಚೆ ಮುರಿದರೆ ಯಾರ ತಲೆ ಮುಟ್ಟಿದ್ದೆವೋ ಆ ತಲೆಗೇ ತಟ್ಟುತ್ತದೆ. ಸಾವಂತ್ರವ್ವ ಅದನ್ನು ಮನಸಾರೆ ನಂಬಿದವಳು. ನಂಬಿಯೇ ಕೈಯಿಟ್ಟಳು. ಕೈ ತೆಗೆದ ಮೇಲೆ, ತಾನು ಮುಟ್ಟಿದ್ದು ಗಂಟಿರುವ ತಲೆಯನ್ನೇ ಎಂಬುದು ಅವಳಿಗೆ ಹೊಳೆಯಿತು.

ಮಾತ್ರೆ ಹಿಡಿಯಿತು. ತಲೆನೋವು ಮಾಯವಾಯಿತು, ಕೈಯೂ ಅಷ್ಟಿಷ್ಟು ತಿರುಗಿತು. ಮಾತ್ರೆಯ ಗುಣವೋ ಏನೋ, ರೇಣುವಿಗೆ ಬಕಾಸುರನ ಹಸಿವು ಶುರುವಾಯಿತು. ಬೆಳಿಗ್ಗೆ ಮೂರು ರೊಟ್ಟಿ, ಹನ್ನೊಂದಕ್ಕೆ ಚುರುಮುರಿ ಸುಸಲಾ, ಮಧ್ಯಾಹ್ನ ಅನ್ನ ಸಾರಿನ ಮೇಲೆ ಮತ್ತೊಂದು ರೊಟ್ಟಿ. ಬೇರೆ ದಿನವಾಗಿದ್ದರೆ ಸಾವಂತ್ರವ್ವ ದೃಷ್ಟಿ ತೆಗೆಯುತ್ತಿದ್ದಳು. ಈಗ ಬಡಿಸಿ ಮುಖ ತಿರುಗಿಸಿಕೊಳ್ಳುತ್ತಿದ್ದಳು.

"ನೋಡ್ ಆಯಿ, ನಿನ್ನ ಶುಂಠಿ ಬೆಲ್ಲಕ್ಕ ಹೋಗ್ಲಾರದ ಪಿತ್ತ ಒಂದ್ ಗುಳಿಗಿಗೆ ಹೋತು!" ಎಂದು ರೇಣು ಚೇಷ್ಟೆ ಮಾಡುತ್ತಿದ್ದಳು.

ಅಡಿಗೆಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಆದಾಗ ಅಕ್ಕುವಿನ ಬಾಯಿ ಕಟ್ಟೆ ಒಡೆಯುತ್ತಿತ್ತು. "ಶ್ರಾವಣ ಪೂರ್ತಿ ಪಿತ್ತ ಪಿತ್ತ ಅಂತ ಕೂತ್ರಿ ಅತ್ತಿ. ಅವತ್ತ ದವಾಖಾನಿಗೆ ಹೋಗಿದ್ರ..."

"ನೀ ಹೆತ್ತಾಕಿ. ನಿನಗ್ಯಾಕ ತಿಳೀಲಿಲ್ಲ?"

"ನಿಮ್ಮ ಮಾತು ಮೀರಿ ಈ ಮನ್ಯಾಗ ನಾ ಏನರ ಮಾಡೀನೇನ್ರಿ?"

ಅಕ್ಕು ಸೆರಗಿನಲ್ಲಿ ಮೂಗು ಒರೆಸಿಕೊಂಡು ಬದನೆಕಾಯಿ ಹೆಚ್ಚಿದಳು. ಆಮೇಲೆ ಅತ್ತೆಯ ಚಹಾಕ್ಕೆ ದಿನದಂತೆ ಏಲಕ್ಕಿ ಜಜ್ಜಿ ಹಾಕಿಯೇ ಕೊಟ್ಟಳು.

ಗುಟ್ಟನ್ನು ಹೊರಗೆ ಹಾಕಿದವನು ಈರಣ್ಣನೇ. ಒಂದು ಕಟ್ಟು ಕೊತ್ತಂಬರಿಗೆ ತರಕಾರಿ ಮಂಡಿಯ ಹೆಂಗಸರ ಜೊತೆ ಕಾಲು ಗಂಟೆ ಜಗಳಾಡುವ ಮನುಷ್ಯ ಅವನು. ಊಟಕ್ಕೆ ಕೂತಾಗ ರೇಣು ಸುಮ್ಮನೆ ಕಾಡಲೆಂದು, "ಅಪ್ಪಾ, ಕಾಲೇಜಿಗೆ ಬಸ್ಸಿನ್ಯಾಗ ನಿಂತು ಕಾಲು ನೋಯ್ತದ, ನನಗೊಂದು ಸ್ಕೂಟಿ ಕೊಡಸು," ಅಂದಳು.

"ಕೊಡಸ್ತೀನವ್ವ. ಯಾವ ಬಣ್ಣದ್ದು ಬೇಕು?"

ರೇಣು ಕೈಯಲ್ಲಿದ್ದ ತುತ್ತನ್ನು ತಾಟಿಗಿಟ್ಟಳು. ಅಪ್ಪನ ಮುಖ ನೋಡಿದಳು, ಅವ್ವನ ಮುಖ ನೋಡಿದಳು. ಯಾರೂ ತಲೆ ಎತ್ತಲಿಲ್ಲ. ಕೈ ತೊಳೆಯುವಾಗ ಅಜ್ಜಿಯ ಕಿವಿಯಲ್ಲಿ ಕೇಳಿದಳು: "ಆಯಿ, ಅಪ್ಪ ಬೈಲಿಲ್ಲ. ಏನಾಗೇದ?"

"ಏನಾಗ್ಬೇಕು? ನೀ ಮಲಕೋ ಹೋಗು."

ಮರುದಿನ ಸಾವಂತ್ರವ್ವ ಮಗನ ಊಟದ ಡಬ್ಬಿಯನ್ನು ತಾನೇ ಹಿಡಿದುಕೊಂಡು ಕೆಳಗೆ ಅಂಗಡಿಗೆ ಹೋದಳು. ಈರಣ್ಣ ಬೆಲ್ಲದ ಪೆಂಟೆ ಒಡೆಯುತ್ತಿದ್ದ.

"ಈರಣ್ಣಾ, ಆಣಿ ಬಿಡು."

"ಬಿಡೂದಿಲ್ಲ."

"ಆಕಿ ಕೇಳ್ಲಿಕ್ಕತ್ಯಾಳ. ನನ್ನ ಕೈಲೆ ಸುಳ್ಳು ಆಗವಲ್ದು."

"ಯವ್ವಾ, ಗಿರಾಕಿ ಅದಾರ." ಬಂದ ಹೆಂಗಸಿಗೆ ಮರಾಠಿಯಲ್ಲಿ ಶೇಂಗಾದ ಧಾರಣೆ ಹೇಳಿ, ತೂಕ ಹಾಕಿ ಕಳಿಸಿ, ಈರಣ್ಣ ದನಿ ತಗ್ಗಿಸಿದ. "ಅಪ್ಪಗ ಗಂಟಲ ಕ್ಯಾನ್ಸರ್ ಆದಾಗ ಡಾಕ್ಟರ್ ಮುಖದ ಮ್ಯಾಲೇ ಹೇಳಿದ್ರು. ಅವತ್ತ ಮಗ್ಗಲಾಗಿ ಮಲಗಿದಾಂವ ಮತ್ತ ಏಳಲಿಲ್ಲ. ರೋಗಕ್ಕಲ್ಲ, ಅಂವ ಸತ್ತದ್ದು ಆ ಮಾತಿಗೆ. ನನ್ನ ಮಗಳನ್ನೂ ಹಂಗ ಕಳಕೊಳ್ಳಲೇನ?"

"ಅಂವ ಏಳಲಿಲ್ಲ, ಖರೆ. ಆದ್ರ ಮಲಗಿದಲ್ಲೇ ನನ್ನ ಜೋಡಿ ಎಲ್ಲಾ ಮಾತಾಡಿ ಹೋದ. ನನಗ ಒಂದೂ ಮಾತು ಬಾಕಿ ಉಳಸಲಿಲ್ಲ. ಈಕಿದು ಮಾತs ಹೋಗೂದದ, ಈರಣ್ಣಾ. ಎಚ್ಚರಾದಾಗ ಬಾಯಾಗ ಮಾತಿಲ್ಲ ಅಂದ್ರ ಆಕಿ ಯಾರನ್ನ ಕೇಳ್ಬೇಕು? ಹೆಂಗ ಕೇಳ್ಬೇಕು?"

ಈರಣ್ಣ ಒಡೆದ ಬೆಲ್ಲವನ್ನೇ ಮತ್ತೆ ಒಡೆದು ಪುಡಿ ಮಾಡಿದ. ಅವನೂ ಎರಡು ಆಸ್ಪತ್ರೆ ಸುತ್ತಿ ಬಂದಿದ್ದ. ಹುಡುಗಿಯನ್ನು ಕೇಳದೆ ತಲೆಗೆ ಕೈ ಹಾಕುವುದಿಲ್ಲ ಎಂದು ಎರಡೂ ಕಡೆ ಹೇಳಿ ಕಳಿಸಿದ್ದರು. ಅದನ್ನು ಮನೆಯಲ್ಲಿ ಹೇಳಿರಲಿಲ್ಲ.

ಬುಧವಾರ ಮಧ್ಯಾಹ್ನ ಅಕ್ಕು ಗಿರಣಿಗೆ ಹೋದಾಗ ರೇಣು ಕೊಬ್ಬರಿ ಎಣ್ಣೆಯ ಬಾಟಲಿ ತಂದು ಅಜ್ಜಿಯ ಕಾಲ ಹತ್ತಿರ ಕೂತಳು. "ಎಣ್ಣಿ ಹಚ್ಚು. ಮನಿಗೆ ಬಂದಾಗಿಂದ ಒಮ್ಮೆನೂ ಹಚ್ಚಿಲ್ಲ."

"ನಿಮ್ಮವ್ವ ಬರ್ಲಿ. ನನ್ನ ಕೈ ನೋಯ್ತಾವ."

"ಮುಂಜಾನೆ ಇಷ್ಟೆತ್ತರ ರೊಟ್ಟಿ ಬಡದಿ, ಆಗ ನೋಯ್ಲಿಲ್ಲ?" ರೇಣು ತಿರುಗಿ ಕೂತಳು. "ಆಯಿ, ನೀ ನನ್ನ ತಲಿ ಮುಟ್ಟವಲ್ಲಿ. ಅಪ್ಪ ಸ್ಕೂಟಿ ಕೊಡಸ್ತೀನಿ ಅಂತಾನ. ಮಾಂತುಅಣ್ಣ ಆಫೀಸಿನಿಂದ ಲಗೂ ಬಂದು ನನ್ನ ಜೋಡಿ ಲೂಡೋ ಆಡ್ತಾನ, ಅದೂ ಬೇಕಂತಲೇ ಸೋಲ್ತಾನ. ನಾಳೆ ಡಾಕ್ಟರ್ ಕಡೆ ಯಾಕ ಹೋಗೂದು?"

"ನನ್ನ ಕೇಳಬ್ಯಾಡ. ನನ್ನ ಬಾಯಿಗೆ ಆಣಿ ಬಿದ್ದದ."

ಅಷ್ಟು ಹೇಳಿದ್ದೇ ಸಾಕಾಯಿತು. ರೇಣುವಿನ ಮುಖ ಬಿಳಿಚಿತು. "ಯಾರ ಮ್ಯಾಲಿನ ಆಣಿ? ನಂದಾ? ನನ್ನ ತಲಿ ಮುಟ್ಟೀರಾ?"

ಸಾವಂತ್ರವ್ವನ ಕಣ್ಣು ಮಾತಾಡಿಬಿಟ್ಟವು.

ರೇಣು ಅಜ್ಜಿಯ ಕೈ ಎಳೆದು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು. "ತಲಿ ನಂದು ಹೌದಿಲ್ಲೋ? ಹಂಗಾರ ಬಿಡಾಕಿನೂ ನಾನs. ಬಿಟ್ಟೆ. ಈಗ ಹೇಳು."

ಕಟ್ಟಳೆ ಹಾಗಿಲ್ಲವೆಂದು ಸಾವಂತ್ರವ್ವನಿಗೆ ಗೊತ್ತಿತ್ತು. ಹಾಕಿಸಿದವನು ಕೆಳಗೆ ಅಂಗಡಿಯಲ್ಲಿ ಕೂತಿದ್ದಾನೆ, ಅವನು ಬಿಟ್ಟಿಲ್ಲ. ಅವಳಿಗೆ ಭಯವಾಯಿತು. ಪಿತ್ತವೆಂದು ತಾನು ಕಳೆದ ವಾರಗಳು ನೆನಪಾದವು. ಇನ್ನೊಂದು ದಿನವನ್ನೂ ಈ ಹುಡುಗಿಯಿಂದ ಕದಿಯುವುದು ಅವಳಿಂದಾಗಲಿಲ್ಲ. ತಟ್ಟುವುದಿದ್ದರೆ ನನಗೆ ತಟ್ಟಲಿ ಶಿವನೇ ಎಂದು ಮನಸ್ಸಿನಲ್ಲಿ ಬೇಡಿಕೊಂಡು, ಕೈಯನ್ನು ಅಲ್ಲೇ ಇಟ್ಟುಕೊಂಡು ಎಲ್ಲವನ್ನೂ ಹೇಳಿದಳು. ಎಲುಬಿನದು ತಲೆಗೆ ಹೋಗಿದ್ದು, ಗಂಟು, ಆಪರೇಶನ್ನು, ಮಾತು. ಯಾವುದನ್ನೂ ಸಣ್ಣದು ಮಾಡಲಿಲ್ಲ.

ರೇಣು ಎದ್ದು ಬಚ್ಚಲಿಗೆ ಹೋಗಿ ಅಗಳಿ ಹಾಕಿಕೊಂಡಳು. ನಲ್ಲಿಯ ನೀರು ಭೋರೆಂದು ಬಿತ್ತು. ಸಾವಂತ್ರವ್ವ ಬಾಗಿಲಿಗೆ ಆತು ನಿಂತಳು, ಕರೆಯಲಿಲ್ಲ. ಭಾಳ ಹೊತ್ತಾದ ಮೇಲೆ ಹೊರಬಂದ ರೇಣುವಿನ ಕಣ್ಣು ಕೆಂಪಗೆ ಊದಿದ್ದವು.

"ಹಸಿವಾಗ್ಯದ," ಅಂದಳು. "ಇಂಥಾದ್ರಾಗೂ ಹಸಿವಾಗ್ತದ ನೋಡು, ಹಾಳಾದ್ದು."

ಸಾವಂತ್ರವ್ವ ರೊಟ್ಟಿ, ಎಣ್ಣೆಗಾಯಿ, ಮೊಸರು ಬಡಿಸಿದಳು. ರೇಣು ಅಳುತ್ತಾ ಉಂಡಳು, ಉಣ್ಣುತ್ತಾ ಅತ್ತಳು. ಮತ್ತೊಂದು ರೊಟ್ಟಿ ಕೇಳಿದಳು.

ಸಂಜೆ ಈರಣ್ಣ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮಗಳು ಎದುರು ನಿಂತಿದ್ದಳು. "ಅಪ್ಪಾ, ನಾಳೆ ಡಾಕ್ಟರ್ ಮುಂದ ನಾ ಕೂಡ್ತೀನಿ. ನೀ ಹಿಂದ ಕೂಡು."

ಈರಣ್ಣನಿಗೆ ತಿಳಿಯಿತು. ತಾಯಿಯ ಕಡೆ ತಿರುಗಿದವನ ದನಿ ಏರಿತು. "ಮುರದೇನು ಆಣಿ? ಆಕಿ ತಲಿ ಮುಟ್ಟಿ ಮಾಡಿದ್ದನ್ನ? ನಾಳೆ ಆಕಿಗೆ ಏನರ ಆದ್ರ ಅದು ನಿನ್ನ ಮ್ಯಾಲೆ!"

"ರೀ!" ಅಂದಳು ಅಕ್ಕು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಗಂಡನ ಮೇಲೆ ದನಿ ಎತ್ತಿದ್ದು ಅದೇ ಮೊದಲು. "ಅತ್ತಿಗೆ ಅನಬ್ಯಾಡ್ರಿ. ಹೇಳಬೇಕಾದಾಕಿ ನಾನಿದ್ದೆ. ನನಗ ಧೈರ್ಯ ಆಗ್ಲಿಲ್ಲ. ಅವರು ಹೇಳ್ಯಾರ."

ಈರಣ್ಣ ಬಿಟ್ಟ ಚಪ್ಪಲಿ ಮತ್ತೆ ಮೆಟ್ಟಿ ಹೊರಟುಹೋದ. ಮಗನ ಮಾತು ಸಾವಂತ್ರವ್ವನ ಎದೆಗೆ ನೆಟ್ಟಿತ್ತು, ಏಕೆಂದರೆ ಅದನ್ನು ಅವಳೂ ನಂಬುತ್ತಿದ್ದಳು. ಅಂದು ಅವಳಿಗೆ ಊಟ ಸೇರಲಿಲ್ಲ. ಅಕ್ಕು ಒಂದು ಬಟ್ಟಲು ಮಜ್ಜಿಗೆ ತಂದು, ಕುಡಿಯುವವರೆಗೂ ಎದುರಿಗೇ ಕೂತಳು.

ಗುರುವಾರ ಎಲ್ಲರೂ ಹೋದರು. ಈರಣ್ಣನೂ ಬಂದ, ತಾಯಿಯ ಜೊತೆ ಮಾತಿಲ್ಲ. ರೇಣು ಮುಂದೆ ಕೂತು ಮರಾಠಿಯಲ್ಲಿ ಒಂದೊಂದಾಗಿ ಕೇಳಿದಳು. ಮಾತು ಹೋದರೆ ಉಳಿದವರು ಅಂದದ್ದು ತಿಳಿಯುತ್ತದೆಯೇ? ತಿಳಿಯುವ ಸಂಭವ ಹೆಚ್ಚು. ತಿರುಗಿ ಬರುತ್ತದೆಯೇ? ರೂಢಿ ಮಾಡಿದರೆ ನಿಧಾನವಾಗಿ, ಅಷ್ಟಿಷ್ಟು. ಗಂಟು ತೆಗೆದರೆ ದೀಪಾವಳಿ ನೋಡುತ್ತೇನೆಯೇ? ನೋಡುತ್ತೀ ಎಂದೇ ಅನ್ನಿಸುತ್ತದೆ. ಮುಂದಿನ ದೀಪಾವಳಿ? ಶರ್ವರಿ ಮೇಡಂ ಕನ್ನಡಕ ತೆಗೆದರು. "ಅದನ್ನು ಹೇಳಲು ನನಗಾಗುವುದಿಲ್ಲ, ಮಗೂ."

ಸಾವಂತ್ರವ್ವ ಉಸಿರು ಬಿಗಿ ಹಿಡಿದಿದ್ದಳು. ಹುಡುಗಿ ಮಾತಿನ ಮಲ್ಲಿ, ಕಾಲೇಜಿನ ನಾಟಕದಲ್ಲಿ ಬಹುಮಾನ ತಂದವಳು. ಬೇಡ ಅನ್ನುತ್ತಾಳೆ, ಮಾತು ಉಳಿಸಿಕೊಳ್ಳುತ್ತಾಳೆ ಎಂದೇ ಅಂದುಕೊಂಡಿದ್ದಳು. ಹಾಗಂದರೆ ಈರಣ್ಣ ತನ್ನನ್ನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ ಎಂದೂ ಗೊತ್ತಿತ್ತು.

"ಮಾಡಿ," ಎಂದಳು ರೇಣು. ಆಮೇಲೆ ಹಿಂದಕ್ಕೆ ತಿರುಗಿ ಕನ್ನಡದಲ್ಲಿ, "ನನಗ ಇನ್ನಷ್ಟು ದಿನ ಬೇಕು. ಮಾತಿಲ್ಲದಿದ್ರ ಇಲ್ಲ. ನಿಮ್ಮ ಮಾತು ಕೇಳ್ಕೋತ ಕೂಡ್ತೀನಿ."

ಈರಣ್ಣ ಬೇಡಿದ್ದು ಅದನ್ನೇ. ಆದರೂ ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಹೊರಗಿನವರು ತಿರುಗಿ ನೋಡುವಂತೆ ಅತ್ತ.

ಆಪರೇಶನ್ನಿಗೆ ಮುಂಚಿನ ದಿನಗಳಲ್ಲಿ ಆ ಮನೆಯಲ್ಲಿ ನಡೆದಷ್ಟು ಮಾತು ಇಡೀ ಧನಕವಡಿಯಲ್ಲಿ ನಡೆದಿರಲಿಕ್ಕಿಲ್ಲ. ರೇಣು ಗೆಳತಿಯರಿಗೆಲ್ಲ ಫೋನು ಹಚ್ಚಿದಳು. ಮಾಂತುವಿನ ಹತ್ತಿರ ಹಳೆಯ ಜಗಳಗಳನ್ನೆಲ್ಲ ತೆಗೆದು ಹೊಸದಾಗಿ ಜಗಳಾಡಿದಳು. ಅವ್ವನಿಗೆ, "ನೀ ಅತ್ತಿ ಮಾತು ಕೇಳಿ ಕೇಳಿ ಮೂಕಿ ಆಗಿದ್ದಿ, ಈಗ ನನ್ನ ಪಾಳಿ, ನೀ ಮಾತಾಡು," ಎಂದಳು. ಅಜ್ಜಿಗೂ ಬಿಡಲಿಲ್ಲ: "ಶ್ರಾವಣಕ್ಕ ನನ್ನ ಉಪಾಸ ಕೆಡವಿದ್ದು ನೆನಪಿರ್ಲಿ. ಮತ್ತೊಮ್ಮೆ ಹರಕಿ ಹೊತ್ರ ನೀನ ಮಾಡು!"

"ಮಾಡ್ತೀನವ್ವ. ನನ್ನ ಮ್ಯಾಲೆ ಸಿಟ್ಟದೇನು?"

"ಅದ. ಪಿತ್ತಕ್ಕೂ ಅದ, ಆಣಿಗೂ ಅದ. ಆದ್ರ ನೀ ಹೇಳಿದ್ಯಲ್ಲಾ, ಅದಕ್ಕ ಅರ್ಧ ಬಿಟ್ಟೀನಿ."

ಗಣಪತಿ ನೀರಿಗೆ ಹೋದ ಮೇಲೆ ಆಪರೇಶನ್ ಆಯಿತು. ಗಂಟು ಹೊರಬಂತು, ಮಾತು ಹೋಯಿತು. ಮೊದಮೊದಲು ಬರೀ "ಹೂಂ" ಒಂದೇ. ದಸರೆಯ ಹೊತ್ತಿಗೆ "ನೀರು", "ಬಾ", "ಬ್ಯಾಡ" ಬಂದವು. ಹೇಳಬೇಕಾದ ಮಾತು ಸಿಗದೆ ರೇಣು ಒಮ್ಮೊಮ್ಮೆ ಲೋಟ ಎಸೆಯುತ್ತಿದ್ದಳು. ಈರಣ್ಣ ಸುಮ್ಮನೆ ಎತ್ತಿಡುತ್ತಿದ್ದ. ತಾಯಿಯ ಜೊತೆ ಅವನು ಮಾತು ಶುರು ಮಾಡಿದ್ದು ಹೇಗೆಂದು ಇಬ್ಬರಿಗೂ ನೆನಪಿಲ್ಲ. ಉಪ್ಪೋ ಸಕ್ಕರೆಯೋ ಕೇಳಿರಬೇಕು.

ದೀಪಾವಳಿಗೆ ಇನ್ನೂ ಸ್ವಲ್ಪ ದಿನವಿರುವಾಗ, ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು. ಬಲಗೈ ಇನ್ನೂ ಹಿಡಿತಕ್ಕೆ ಬಾರದೆ ರೇಣು ಎಡಗೈಯಿಂದ ಅನ್ನ ಕಲಸುತ್ತಿದ್ದವಳು ನಿಲ್ಲಿಸಿ ಈರಣ್ಣನನ್ನು ನೋಡಿದಳು. "ಅಪ್ಪಾ. ಅದು... ಮತ್ತ... ಬರ್ತದ?"

ಈರಣ್ಣ ತಾಯಿಯ ಕಡೆ ನೋಡಿದ. ಸಾವಂತ್ರವ್ವ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. ಅವನ ಬದಲು ತಾನು ಹೇಳಲಿಲ್ಲ. ಇದು ಮಗನಿಂದಲೇ ಬರಬೇಕಾದ ಮಾತು ಎಂದು ಬಾಯಿ ಕಚ್ಚಿ ನಿಂತಳು.

"ಗಂಟು ಮತ್ತ ಬರಬಹುದವ್ವ," ಎಂದ ಈರಣ್ಣ. ದನಿ ಒಡೆದಿತ್ತು, ಆದರೂ ಮಗಳ ಮುಖದಿಂದ ಕಣ್ಣು ತೆಗೆಯಲಿಲ್ಲ. "ಬರ್ತದ ಅಂತನs ಮೇಡಂ ಅಂದಾರ. ಯಾವಾಗ ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಾದ ದಿನ ನಿನಗ ಹೇಳ್ತೀನಿ. ಮೊದಲ ನಿನಗs ಹೇಳ್ತೀನಿ."

ಅಕ್ಕು ತುತ್ತನ್ನು ಬಾಯಲ್ಲಿ ಇಟ್ಟುಕೊಂಡೇ ಅಳುತ್ತಿದ್ದಳು. ರೇಣು ಅಪ್ಪನನ್ನು ಬಹಳ ಹೊತ್ತು ನೋಡಿ, ತಲೆಯಾಡಿಸಿದಳು. ಆಮೇಲೆ ಅಜ್ಜಿಯ ಕಡೆ ತಿರುಗಿದಳು.

"ಹಬ್ಬಕ್ಕ... ಕ... ಕರ..."

ಮಾಂತುವಿನ ತುಟಿ ಅಲುಗಿತು. ಸಾವಂತ್ರವ್ವ ಕಣ್ಣಿನಲ್ಲೇ ಗದರಿದಳು. ಯಾವ ತಿಂಡಿ ಎಂದು ಅಲ್ಲಿ ಎಲ್ಲರಿಗೂ ಗೊತ್ತು. ಯಾರೂ ಹೇಳಿಕೊಡಲಿಲ್ಲ. ಸಾರು ಆರುತ್ತಿತ್ತು. ರೇಣು ಕಣ್ಣು ಮುಚ್ಚಿ, ಹಣೆ ಗಂಟಿಕ್ಕಿ, ಮಾತನ್ನು ಎಲ್ಲಿಂದಲೋ ಎಳೆದು ತಂದಳು.

"ಕರಚಿಕಾಯಿ."

"ಮಾಡ್ತೀನವ್ವ," ಅಂದಳು ಸಾವಂತ್ರವ್ವ. "ಎಷ್ಟು ಮಾಡ್ಲಿ?"

"ಭಾಳ," ಅಂದಳು ರೇಣು.